ಮಾಲಿಕ್ ಬಿನ್ ದೀನಾರರು ಮತ್ತು ನಮ್ಮ ಕರಾವಳಿ

ಸುರತ್ಕಲ್ಲಿನಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 17 ಕಿಲೋಮೀಟರು ಹೋದರೆ ಮಂಗಳೂರಿನ ಬಂದರ ಪೇಟೆ. ಅಲ್ಲಿ ಜೀನತ್ ಬಕ್ಷ್ ಜುಮಾ ಮಸೀದಿ ಇದೆ. ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಉಡುಪಿಯನ್ನು ದಾಟಿ ಬ್ರಹ್ಮಾವರದ ಬಳಿ ತಿರುಗಿದರೆ ಹಳೆಯ ಬಾರಕೂರು. ಅಲ್ಲಿಯೂ ಒಂದು ಪುರಾತನ ಮಸೀದಿಯ ಮಾತು ಬರುತ್ತದೆ. ಇನ್ನು ಮಂಗಳೂರಿನಿಂದ ಮತ್ತೆ ದಕ್ಷಿಣಕ್ಕೆ ಐವತ್ತು ಕಿಲೋಮೀಟರು ಹೋದರೆ ಕಾಸರಗೋಡು. ಅಲ್ಲಿನ ತಳಂಗರೆಯಲ್ಲಿ ಮತ್ತೊಂದು ಮಸೀದಿ. ಈ ಮೂರು ಊರುಗಳಲ್ಲಿಯೂ ಹಿರಿಯರನ್ನು ನೀವು ಕೇಳಿದರೆ ಒಂದೇ ಹೆಸರು ಕೇಳಿಬರುತ್ತದೆ: ಹಜ್ರತ್ ಮಾಲಿಕ್ ಬಿನ್ ದೀನಾರರು. ಅವರೂ ಅವರ ಬಳಗದವರೂ ಅರಬ್ಬೀ ದೇಶದಿಂದ ಹಡಗಿನಲ್ಲಿ ಬಂದು ಈ ತೀರದಲ್ಲಿ ಮೊದಲ ಮಸೀದಿಗಳನ್ನು ಕಟ್ಟಿಸಿದರೆಂಬುದು ಪೂರ್ವದಿಂದ ನಡೆದುಬಂದ ನಂಬಿಕೆ.

ಸುರತ್ಕಲ್ ಈ ಮೂರು ಊರುಗಳ ದಾರಿಯಲ್ಲಿಯೇ ಇದೆ. ಸುರತ್ಕಲ್, ಕೃಷ್ಣಾಪುರ, ಕಾಟಿಪಳ್ಳ, ಚೊಕ್ಕಬೆಟ್ಟು ಈ ಕಡೆಗಳಲ್ಲಿ ನೆಲಸಿರುವ ಬ್ಯಾರಿ ಮನೆತನಗಳು ಮಾಲಿಕ್ ದೀನಾರರನ್ನು ನೆನೆಯುತ್ತವೆ. ಅವರ ನೆರೆಯಲ್ಲಿರುವ ಇತರರಲ್ಲಿ ಅನೇಕರಿಗೆ ಆ ಹೆಸರು ಕಿವಿಗೆ ಬಿದ್ದಿದ್ದರೂ ಅದರ ಹಿಂದಿನ ವೃತ್ತಾಂತ ತಿಳಿಯದು. ನೂರಾರು ವರ್ಷಗಳಿಂದ ಒಂದೇ ನೀರಿನ ದಡದಲ್ಲಿ ಬಾಳಿದವರು ಒಬ್ಬರ ಮೂಲಪುರುಷರ ಕಥೆಯನ್ನು ಇನ್ನೊಬ್ಬರು ಅರಿತಿರುವುದು ಒಳ್ಳೆಯದಲ್ಲವೇ? ಆದುದರಿಂದ ಈ ಮಹನೀಯರು ಯಾರು, ಅವರ ಕುರಿತು ನಿಶ್ಚಯವಾಗಿ ಹೇಳಬಹುದಾದುದೇನು, ಐತಿಹ್ಯದಿಂದ ಬಂದುದೇನು, ಅವರ ಹೆಸರಿನಿಂದ ನಮ್ಮ ಕರಾವಳಿಗೆ ಉಳಿದುಬಂದುದೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಸಂಗಾತಿಗಳು ಮತ್ತು ಸಂಗಾತಿಗಳ ಶಿಷ್ಯರು

ಮೊದಲಿಗೆ ಎರಡು ಪದಗಳ ಪರಿಚಯ ಅವಶ್ಯ. ಮಹಮ್ಮದ್ ಪೈಗಂಬರರನ್ನು ಕಣ್ಣಾರೆ ಕಂಡು, ಅವರನ್ನು ನಂಬಿ, ಆ ನಂಬಿಕೆಯಲ್ಲಿಯೇ ಕಾಲವಾದವರನ್ನು ‘ಸಹಾಬಿ’ ಎಂದು ಕರೆಯುತ್ತಾರೆ. ಸಹಾಬಿ ಎಂದರೆ ಸಂಗಾತಿ, ಒಡನಾಡಿ. ಪೈಗಂಬರರನ್ನು ಕಾಣದೆ, ಸಹಾಬಿಗಳನ್ನು ಕಂಡು ಅವರಿಂದ ಕಲಿತ ಎರಡನೆಯ ತಲೆಮಾರಿನವರು ‘ತಾಬಿಈ’ ಎನಿಸಿಕೊಳ್ಳುತ್ತಾರೆ; ಹಿಂಬಾಲಿಸಿದವರು ಎಂದು ಅದರ ಅರ್ಥ. ಪೈಗಂಬರರು ಕಾಲವಾದುದು ಕ್ರಿ. ಶ. 632ರಲ್ಲಿ. ಅನಂತರ ಸಹಾಬಿಗಳಲ್ಲಿ ಅನೇಕರು ದೂರ ದೂರದ ಪಟ್ಟಣಗಳಿಗೆ ಹೋಗಿ ನೆಲಸಿದರು. ಅವರ ಬಾಯಿಂದ ಕೇಳಿದ ಮಾತುಗಳನ್ನು ಕಿರಿಯರು ನೆನಪಿನಲ್ಲಿಟ್ಟು ಮುಂದಿನವರಿಗೆ ದಾಟಿಸಿದರು. ಇಂಥವನಿಂದ ಇಂಥವನು ಕೇಳಿದ ಎಂದು ಹೇಳುವವರ ಹೆಸರುಗಳನ್ನು ಸರಪಳಿಯಂತೆ ಜೋಡಿಸಿ ಹೇಳುವ ಪದ್ಧತಿ ಹೀಗೆಯೇ ಬೆಳೆದುಬಂದಿತು.

ನಮ್ಮ ಕರಾವಳಿಯ ಮಾತುಕತೆಯಲ್ಲಿ ಮಾಲಿಕ್ ದೀನಾರರನ್ನು ಕೆಲವರು ಸಹಾಬಿಗಳೆಂದೂ ಕೆಲವರು ತಾಬಿಈಗಳೆಂದೂ ಹೇಳುವುದುಂಟು. ಅರಬ್ಬೀ ಚರಿತ್ರಕಾರರು ವಿವರವಾಗಿ ಬಲ್ಲ ಮಾಲಿಕ್ ಬಿನ್ ದೀನಾರರಾದರೋ ತಾಬಿಈಗಳ ಪೀಳಿಗೆಯವರು. ಅವರ ಊರು ಇಂದಿನ ಇರಾಕಿನ ಬಸ್ರಾ.

ಬಸ್ರಾದ ಬಡ ಲಿಪಿಕಾರರು

ಬಸ್ರಾ ಏಳನೆಯ ಶತಮಾನದ ಪೂರ್ವಾರ್ಧದಲ್ಲಿ ದಂಡಿನ ನೆಲೆಯಾಗಿ ಹುಟ್ಟಿ ಬಲುಬೇಗ ದೊಡ್ಡ ವ್ಯಾಪಾರಸ್ಥಳವಾಗಿ ಬೆಳೆದ ಪಟ್ಟಣ. ಅಲ್ಲಿಂದ ಪಾರಸೀಕ ಕೊಲ್ಲಿಯ ಮೂಲಕ ಹಡಗುಗಳು ಭಾರತದ ಪಶ್ಚಿಮ ತೀರಕ್ಕೆ ಬಂದುಹೋಗುತ್ತಿದ್ದವು. ನಮ್ಮ ಕಡೆಯ ಸಾಗುವಾನಿ ಮರ ಅಲ್ಲಿಯ ಹಡಗುಗಳಿಗೂ ಮನೆಗಳಿಗೂ ಬೇಕಾಗಿದ್ದಿತು.

ಮಾಲಿಕರ ತಂದೆ ದೀನಾರ್. ‘ಬಿನ್’ ಎಂದರೆ ಮಗ. ಪೂರ್ವದ ಸಿಜಿಸ್ತಾನದಿಂದಲೋ ಕಾಬೂಲಿನಿಂದಲೋ ಸೆರೆಯಾಗಿ ಬಂದ ಗುಲಾಮರೆಂದು ಆ ತಂದೆಯ ವಿಷಯದಲ್ಲಿ ಹೇಳುತ್ತಾರೆ. ಗುಲಾಮನ ಮಗನಾಗಿ ಹುಟ್ಟಿದ ಮಾಲಿಕರು ಪೈಗಂಬರರ ಸಹಾಬಿಯಾದ ಅನಸ್ ಬಿನ್ ಮಾಲಿಕರಿಂದ ಕೇಳಿ ಕಲಿತರು. 728ರಲ್ಲಿ ಕಾಲವಾದ ಬಸ್ರಾದ ಮಹಾಜ್ಞಾನಿ ಹಸನ್ ಬಸ್ರಿಯವರ ಬಳಗಕ್ಕೆ ಸೇರಿದರು. ಜೀವನೋಪಾಯಕ್ಕೆ ಅವರು ಹಿಡಿದುದು ಕುರಾನಿನ ಪ್ರತಿ ಬರೆಯುವ ಕೆಲಸ. ಅಚ್ಚುಕೂಟವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕು. ತಿಂಗಳುಗಟ್ಟಲೆ ಕುಳಿತು ಬರೆದರೆ ಒಂದು ಪ್ರತಿ. ಅದರ ಕೂಲಿಯಲ್ಲಿಯೇ ಅವರ ಹೊಟ್ಟೆ ಬಟ್ಟೆ ನಡೆಯುತ್ತಿದ್ದಿತು. ಧನಿಕರ ಕೊಡುಗೆಗೆ ಕೈ ಚಾಚದವರೆಂದೂ ಒಣರೊಟ್ಟಿಯಲ್ಲಿ ತೃಪ್ತರಾಗಿದ್ದವರೆಂದೂ ಅವರ ಖ್ಯಾತಿ. ಹಿಜರಿ 130ರ ಸುಮಾರಿಗೆ, ಎಂದರೆ ಕ್ರಿ. ಶ. 748ರ ಹೊತ್ತಿಗೆ, ಅವರು ತೀರಿಕೊಂಡರು.

ಅವರ ಬಾಳಿನ ಕುರಿತು ಕೆಲವು ಕಥೆಗಳು ಬಹಳ ಪ್ರಸಿದ್ಧವಾಗಿವೆ. ಒಂದು ರಾತ್ರಿ ಅವರ ಮನೆಗೆ ಕಳ್ಳನೊಬ್ಬ ನುಗ್ಗಿದ. ಹುಡುಕಿ ಹುಡುಕಿದರೂ ಕದಿಯಲು ಏನೂ ಸಿಗಲಿಲ್ಲ. ಎಚ್ಚರಗೊಂಡ ಮಾಲಿಕರು ಅವನನ್ನು ಗದರಿಸಲಿಲ್ಲ. ಈ ಲೋಕದ ವಸ್ತು ನಿನಗಿಲ್ಲಿ ಸಿಗಲಿಲ್ಲವಲ್ಲ, ಪರಲೋಕದ್ದೇನಾದರೂ ಬೇಕೇ ಎಂದು ಕೇಳಿದರು. ಆತ ನಾಚಿ, ಕೈಕಾಲು ತೊಳೆದು, ಅವರೊಡನೆ ಪ್ರಾರ್ಥನೆಗೆ ನಿಂತನಂತೆ. ಬೆಳಿಗ್ಗೆ ಮಸೀದಿಯಲ್ಲಿ ಇವನಾರೆಂದು ಜನ ಕೇಳಿದಾಗ, ನಮ್ಮಲ್ಲಿ ಕದಿಯಲು ಬಂದಿದ್ದ, ನಾವೇ ಅವನನ್ನು ಕದ್ದುಕೊಂಡೆವು ಎಂದು ಮಾಲಿಕರು ನಕ್ಕರಂತೆ.

ಎರಡನೆಯ ಕಥೆ ಪಾರಸೀಕ ಕವಿ ಅತ್ತಾರನು ಸಂತರ ಚರಿತ್ರೆಗಳನ್ನು ಕೂಡಿಸಿ ಬರೆದ ಗ್ರಂಥದಲ್ಲಿದೆ. ಮಾಲಿಕರ ಬಾಡಿಗೆ ಮನೆಯ ಪಕ್ಕದಲ್ಲಿ ಯೆಹೂದಿಯೊಬ್ಬನ ಮನೆ. ಆತನ ಕಕ್ಕಸಿನ ಹೊಲಸು ಇವರ ಮನೆಯೊಳಕ್ಕೇ ಬರುತ್ತಿದ್ದಿತು. ಮಾಲಿಕರು ದೂರು ಹೇಳದೆ ದಿನವೂ ಗುಡಿಸಿ ತೊಳೆಯುತ್ತಿದ್ದರು. ಬಹುಕಾಲದ ಮೇಲೆ ನೆರೆಯವನೇ ಬಂದು, ನಿಮಗೆ ಇದರಿಂದ ತೊಂದರೆಯಿಲ್ಲವೇ ಎಂದು ಕೇಳಿದ. ಇದೆ, ಆದರೆ ಮನೆಯಲ್ಲಿ ಪೊರಕೆಯೂ ಇದೆಯಲ್ಲ ಎಂಬ ಅರ್ಥದ ಉತ್ತರ ಬಂದಿತು. ಆ ತಾಳ್ಮೆಗೆ ನೆರೆಯವನ ಮನಸ್ಸು ಕರಗಿತೆಂದು ಕಥೆ.

ಮೂರನೆಯದು ಕಡಲಿನದು. ಹಡಗಿನಲ್ಲಿ ಹೋಗುವಾಗ ಬಾಡಿಗೆಗೆ ಕಾಸಿಲ್ಲದ ಮಾಲಿಕರನ್ನು ಹಡಗಿನವರು ಹೊಡೆದರಂತೆ. ಕೂಡಲೇ ಮೀನುಗಳು ಬಾಯಲ್ಲಿ ಚಿನ್ನದ ನಾಣ್ಯಗಳನ್ನು ಕಚ್ಚಿಕೊಂಡು ನೀರಿನಿಂದ ತಲೆಯೆತ್ತಿದವಂತೆ. ಅವರು ಎರಡೇ ನಾಣ್ಯಗಳನ್ನು ತೆಗೆದು ಬಾಡಿಗೆ ಕೊಟ್ಟರು. ದೀನಾರ್ ಎಂಬುದು ಚಿನ್ನದ ನಾಣ್ಯದ ಹೆಸರು. ಆದುದರಿಂದಲೇ ಅವರಿಗೆ ಆ ಹೆಸರು ಬಂದಿತೆಂದು ಕಥೆಗಾರನ ವಿವರಣೆ. ದೀನಾರ್ ತಂದೆಯ ಹೆಸರೆಂಬುದನ್ನು ನಾವು ಆಗಲೇ ಕಂಡೆವು. ಆದರೂ ಕಥೆ ತನ್ನ ಕೆಲಸವನ್ನು ಮಾಡಿದೆ. ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಕಡಲಿಗೇ ಬಿಡುವ ಮನುಷ್ಯನ ಚಿತ್ರವನ್ನು ಕೇಳುವವರ ಮನಸ್ಸಿನಲ್ಲಿ ನಿಲ್ಲಿಸಿದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ನಮ್ಮ ಕರಾವಳಿಯ ಐತಿಹ್ಯಕ್ಕೆ ಬರುವಾಗ ಉಪಯೋಗಕ್ಕೆ ಬರುತ್ತದೆ.

ಹತ್ತು ಮಸೀದಿಗಳ ಕಥೆ

ಐತಿಹ್ಯ ಹೀಗಿದೆ. ಕೊಡುಂಗಲ್ಲೂರಿನಲ್ಲಿ ಆಳುತ್ತಿದ್ದ ಚೇರಮಾನ್ ಪೆರುಮಾಳನೆಂಬ ಅರಸನು ಪೈಗಂಬರರ ಮಹಿಮೆಯನ್ನೂ ಚಂದ್ರನು ಎರಡಾಗಿ ಸೀಳಿದ ಪವಾಡವನ್ನೂ ಕೇಳಿ ಮನಸೋತನು. ಸಿಂಹಳದ ಆದಮನ ಶಿಖರಕ್ಕೆ ಯಾತ್ರೆ ಹೊರಟ ಅರಬ್ಬೀ ಫಕೀರರ ಜೊತೆಗೆ ಗುಟ್ಟಾಗಿ ಹಡಗನ್ನೇರಿ ಅರಬ್ಬೀ ದೇಶಕ್ಕೆ ಹೋದನು. ಸ್ವದೇಶಕ್ಕೆ ಮರಳಲು ಸಿದ್ಧನಾಗುತ್ತಿರುವಾಗಲೇ ರೋಗಕ್ಕೆ ತುತ್ತಾಗಿ ಅರಬ್ಬೀ ತೀರದಲ್ಲಿಯೇ ತೀರಿಕೊಂಡನು. ಸಾಯುವ ಮುನ್ನ ತನ್ನ ನಾಡಿನ ಸಾಮಂತರಿಗೆ ಪತ್ರವೊಂದನ್ನು ಬರೆದು ಸಂಗಡಿಗರ ಕೈಗೆ ಕೊಟ್ಟನು. ಆ ಪತ್ರದೊಡನೆ ಬಂದವರು ಷರಫ್ ಬಿನ್ ಮಾಲಿಕ್, ಅವರ ಸಹೋದರ ಮಾಲಿಕ್ ಬಿನ್ ದೀನಾರ್, ಸಹೋದರನ ಮಗ ಮಾಲಿಕ್ ಬಿನ್ ಹಬೀಬ್, ಮಾಲಿಕ್ ಬಿನ್ ಹಬೀಬರ ಪತ್ನಿ ಕಮರಿಯ್ಯಾ ಮತ್ತು ಮಕ್ಕಳು. ಸಾಮಂತರು ಪತ್ರವನ್ನು ಓದಿ ಅವರಿಗೆ ನೆಲವನ್ನೂ ತೋಟಗಳನ್ನೂ ಕೊಟ್ಟರು.

ಮೊದಲ ಮಸೀದಿ ಕೊಡುಂಗಲ್ಲೂರಿನಲ್ಲಿ. ಅನಂತರ ಮಾಲಿಕ್ ಬಿನ್ ಹಬೀಬರು ತೀರದುದ್ದಕ್ಕೂ ಸಂಚರಿಸಿ ಕೊಲ್ಲಂ, ಏಳಿಮಲೆ, ಬಾರಕೂರು, ಮಂಗಳೂರು, ಕಾಸರಗೋಡು, ಶ್ರೀಕಂಠಪುರ, ಧರ್ಮಡಂ, ಪಂದಲಾಯಿನಿ, ಚಾಲಿಯಂ ಈ ಸ್ಥಳಗಳಲ್ಲಿ ಮಸೀದಿಗಳನ್ನು ಕಟ್ಟಿಸಿ, ಒಂದೊಂದಕ್ಕೆ ಒಬ್ಬೊಬ್ಬ ಖಾಜಿಯನ್ನು ನೇಮಿಸಿದರು. ಹೀಗೆ ಹತ್ತು. ಅರಬ್ಬೀ ಬರಹಗಳಲ್ಲಿ ಬಾರಕೂರು ‘ಫಾಕನೂರ್’ ಆಗಿಯೂ ಮಂಗಳೂರು ‘ಮಂಜಲೂರ್’ ಆಗಿಯೂ ಕಾಸರಗೋಡು ‘ಕಾಂಜರಕೂತ್’ ಆಗಿಯೂ ಕಾಣಿಸುತ್ತವೆ. ಕಾಸರಕನ ಮರವನ್ನು ಮಲೆಯಾಳದಲ್ಲಿ ಕಾಂಞಿರಂ ಎನ್ನುತ್ತಾರೆ ಎಂಬುದು ನೆನಪಾದರೆ ಈ ಕೊನೆಯ ಹೆಸರಿನ ಗುಟ್ಟು ನಿಮಗೇ ತಿಳಿಯುತ್ತದೆ.

ಕರಾವಳಿಯ ಹೇಳಿಕೆಯಂತೆ ಮಂಗಳೂರಿನ ಮಸೀದಿಯ ಮೊದಲ ಖಾಜಿ ಮೂಸಾ ಬಿನ್ ಮಾಲಿಕ್, ಬಾರಕೂರಿನವರು ಇಬ್ರಾಹಿಂ ಬಿನ್ ಮಾಲಿಕ್. ಕಾಸರಗೋಡಿನ ತಳಂಗರೆಯಲ್ಲಿರುವ ಸಮಾಧಿ ಈ ವಂಶದ ಮಾಲಿಕ್ ಬಿನ್ ಮಹಮ್ಮದರದೆಂದು ನಂಬಿಕೆ. ಅಲ್ಲಿ ನಡೆಯುವ ಉರೂಸಿಗೆ ಬಹು ದೂರದಿಂದ ಜನ ಬರುತ್ತಾರೆ.

ಇಸವಿಗಳ ಪ್ರಶ್ನೆ

ಇದೆಲ್ಲ ನಡೆದುದು ಯಾವಾಗ? ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಮಂಗಳೂರು ಮತ್ತು ಕಾಸರಗೋಡಿನ ಸಂಪ್ರದಾಯ ಹಿಜರಿ 22 ಎನ್ನುತ್ತದೆ. ಅದು ಕ್ರಿ. ಶ. 643ರ ಸುಮಾರು, ಪೈಗಂಬರರು ಕಾಲವಾಗಿ ಹನ್ನೊಂದು ವರ್ಷಗಳಷ್ಟೇ ಆಗಿದ್ದ ಸಮಯ. ಬಸ್ರಾದ ಮಾಲಿಕರಾದರೋ ಹಿಜರಿ 130ರ ಹೊತ್ತಿಗೆ ತೀರಿಕೊಂಡವರು. ಎರಡರ ನಡುವೆ ನೂರೆಂಟು ವರ್ಷಗಳ ಅಂತರವಿದೆ. ಒಬ್ಬರೇ ಮನುಷ್ಯರು ಮೊದಲನೆಯ ಕಾಲದಲ್ಲಿ ಪ್ರೌಢರಾಗಿ ಇಲ್ಲಿಗೆ ಬಂದು ಎರಡನೆಯ ಕಾಲದವರೆಗೆ ಬಾಳಿದರೆನ್ನುವುದು ಕಷ್ಟ.

ಈ ತೊಡಕನ್ನು ಮೊದಲು ಕಂಡುಹಿಡಿದವರು ಇಂದಿನ ವಿಮರ್ಶಕರೆಂದು ಎಣಿಸಬೇಡಿ. ಹದಿನಾರನೆಯ ಶತಮಾನದಲ್ಲಿ ಪೊನ್ನಾನಿಯಲ್ಲಿದ್ದ ಷೇಖ್ ಜೈನುದ್ದೀನ್ ಮಖ್ದೂಮರು ‘ತುಹ್ಫತುಲ್ ಮುಜಾಹಿದೀನ್’ ಎಂಬ ಅರಬ್ಬೀ ಗ್ರಂಥವನ್ನು ಬರೆದರು. ಪೋರ್ಚುಗೀಸರ ಹಾವಳಿಯ ವೃತ್ತಾಂತ 1583ರವರೆಗೆ ಅದರಲ್ಲಿದೆ. ನಮ್ಮ ಬಿಜಾಪುರದ ಅಲಿ ಆದಿಲ್ ಶಹನಿಗೆ ಅದು ಅರ್ಪಿತವಾಗಿದೆ. ಹತ್ತು ಮಸೀದಿಗಳ ಕಥೆಯನ್ನು ಪೂರ್ತಿಯಾಗಿ ಹೇಳಿದ ಮೇಲೆ ಜೈನುದ್ದೀನರೇ ಒಂದು ಮಾತನ್ನು ಸೇರಿಸುತ್ತಾರೆ: ಇದರ ಕಾಲ ನಿಶ್ಚಿತವಿಲ್ಲ, ಪೈಗಂಬರರ ಕಾಲದಲ್ಲಿಯೇ ನಡೆಯಿತೆಂಬ ಜನರ ಮಾತಿಗೆ ಆಧಾರವಿಲ್ಲ, ಬಹುಮಟ್ಟಿಗೆ ಹಿಜರಿ 200ರ ನಂತರದ್ದಿರಬೇಕು. ಹಿಜರಿ 200 ಎಂದರೆ ಕ್ರಿ. ಶ. 815ರ ಆಸುಪಾಸು. ಭಕ್ತಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಪಂಡಿತರೊಬ್ಬರು ನಾಲ್ಕುನೂರು ವರ್ಷಗಳ ಹಿಂದೆಯೇ ಕಥೆಯನ್ನು ಕಥೆಯೆಂದು ಗೌರವಿಸಿ, ಲೆಕ್ಕವನ್ನು ಲೆಕ್ಕವೆಂದು ಬೇರೆ ಇಟ್ಟಿದ್ದಾರೆ. ಈ ವಿವೇಕ ನಮಗೂ ಇರಬೇಕು.

ಜೈನುದ್ದೀನರ ಪ್ರಕಾರ ಇಲ್ಲಿಗೆ ಬಂದ ಮಾಲಿಕ್ ಬಿನ್ ದೀನಾರರು ಕೊನೆಗೆ ಖುರಾಸಾನಿಗೆ ಹೋಗಿ ಅಲ್ಲಿ ತೀರಿಕೊಂಡರು. ಹಾಗಾದರೆ ಬಸ್ರಾದವರು ಬೇರೆ, ನಮ್ಮ ತೀರಕ್ಕೆ ಬಂದವರು ಬೇರೆಯೋ? ಅಥವಾ ಬಸ್ರಾದ ಸಂತರ ಕೀರ್ತಿ ಹಡಗಿನವರ ಬಾಯಲ್ಲಿ ಇಲ್ಲಿಗೆ ಬಂದು ಇಲ್ಲಿನ ಮೊದಲ ಮಸೀದಿಗಳಿಗೆ ಅಂಟಿಕೊಂಡಿತೋ? ಎರಡೂ ಆಗಬಹುದಾದ ಸಂಗತಿಗಳೇ. ಯಾವುದಾದರೂ ಆಗಲಿ, ಮುಂದಿನ ಮಾತಿಗೆ ಅದರಿಂದ ಬಾಧಕವಿಲ್ಲ.

ಭೂಪಟವನ್ನು ಬಿಡಿಸಿ ನೋಡಿ

ಮನೆಯಲ್ಲಿ ಮಕ್ಕಳ ಶಾಲೆಯ ಭೂಪಟವಿದ್ದರೆ ಆ ಹತ್ತು ಹೆಸರುಗಳನ್ನು ಅದರ ಮೇಲೆ ಗುರುತು ಮಾಡಿ. ಎಲ್ಲವೂ ಕಡಲ ತೀರದಲ್ಲಿ, ಇಲ್ಲವೇ ದೋಣಿ ಹೋಗಬಲ್ಲ ಹೊಳೆಯ ದಂಡೆಯಲ್ಲಿ ಬೀಳುತ್ತವೆ. ಮಂಗಳೂರಿಗೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆ, ಬಾರಕೂರಿಗೆ ಸೀತಾನದಿ, ಕಾಸರಗೋಡಿಗೆ ಚಂದ್ರಗಿರಿ ಹೊಳೆ. ಮಸೀದಿಗಳ ಆ ಪಟ್ಟಿ ಅಂದಿನ ಬಂದರುಗಳ ಪಟ್ಟಿಯೂ ಹೌದು.

ಇದರ ಕಾರಣ ಗಾಳಿಯಲ್ಲಿದೆ. ಹಾಯಿಯ ಹಡಗಿಗೆ ಗಾಳಿಯೇ ಯಂತ್ರ. ನೈಋತ್ಯದ ಗಾಳಿ ಅರಬ್ಬೀ ಕಡೆಯಿಂದ ಹಡಗುಗಳನ್ನು ಇತ್ತ ತಳ್ಳುತ್ತದೆ. ಆದರೆ ಮಳೆಗಾಲದ ಉಚ್ಛ್ರಾಯದಲ್ಲಿ ನಮ್ಮ ಅಳಿವೆಗಳಿಗೆ ಹಡಗು ತರುವುದು ಸಾವನ್ನು ಕರೆದಂತೆ. ಆದುದರಿಂದ ಅವರು ಮಳೆ ಇಳಿಮುಖವಾಗುವ ಹೊತ್ತಿಗೆ ತೀರ ಸೇರುತ್ತಿದ್ದರು. ಹಿಂದಿರುಗಬೇಕಾದರೆ ಈಶಾನ್ಯದ ಗಾಳಿ ಎದ್ದು ನಿಲ್ಲಬೇಕು. ಆ ತನಕ ವಾರಗಟ್ಟಲೆ, ತಿಂಗಳುಗಟ್ಟಲೆ ಇಲ್ಲಿಯೇ ಕಾಯಬೇಕು. ಕಾಳುಮೆಣಸು, ಶುಂಠಿ, ಅಕ್ಕಿಯನ್ನು ಕೊಂಡು ಕೂಡಿಹಾಕಬೇಕು. ತಂದ ಕುದುರೆ, ಖರ್ಜೂರ, ತಾಮ್ರವನ್ನು ಮಾರಬೇಕು. ಕೆಲವರು ಒಂದು ಸಲದ ಗಾಳಿಯನ್ನು ತಪ್ಪಿಸಿಕೊಂಡರೆ ವರ್ಷವಿಡೀ ಉಳಿಯುತ್ತಿದ್ದರು. ಹೀಗೆ ಉಳಿದವರು ಇಲ್ಲಿನ ಹೆಣ್ಣುಗಳನ್ನು ಮದುವೆಯಾಗಿ ಸಂಸಾರ ಹೂಡಿದರು. ತುಳುನಾಡಿನ ಬ್ಯಾರಿಗಳು, ಭಟ್ಕಳದ ನವಾಯತರು, ಮಲಬಾರಿನ ಮಾಪಿಳ್ಳೆಗಳು ಈ ಬಗೆಯ ಸಂಬಂಧದಿಂದ ಬೆಳೆದುಬಂದ ಸಮುದಾಯಗಳು. ಬ್ಯಾರಿ ಎಂಬ ಹೆಸರೇ ವ್ಯಾಪಾರಕ್ಕೆ ತುಳುವಿನಲ್ಲಿರುವ ‘ಬ್ಯಾರ’ ಎಂಬ ಮಾತಿನಿಂದ ಬಂದಿತೆಂದು ಹಲವರ ಅಭಿಪ್ರಾಯ.

ಪರದೇಶದಲ್ಲಿ ತಿಂಗಳುಗಟ್ಟಲೆ ಉಳಿಯುವ ವರ್ತಕನಿಗೆ ಏನು ಬೇಕು? ಪ್ರಾರ್ಥನೆಗೆ ಒಂದು ಸ್ಥಳ; ಸತ್ತರೆ ಮಣ್ಣು ಮಾಡಲು ನೆಲ; ಸಾಲ, ಪಾಲು, ಮದುವೆ, ಆಸ್ತಿ ಇವುಗಳಿಗೆ ಸಾಕ್ಷಿಯಾಗಿ ನಿಲ್ಲುವ, ಜಗಳ ಬಂದರೆ ತೀರ್ಪು ಹೇಳುವ ಒಬ್ಬ ನಂಬಿಗಸ್ತ. ಮಸೀದಿಯೂ ಖಾಜಿಯೂ ಇವೆಲ್ಲವನ್ನೂ ಒದಗಿಸಿದರು. ಇತ್ತ ಊರಿನ ಅರಸನಿಗೆ ಏನು ಬೇಕು? ಸುಂಕ, ಕುದುರೆ, ಮತ್ತೆ ಮುಂದಿನ ವರ್ಷವೂ ತಪ್ಪದೆ ಬರುವ ಹಡಗು. ನೆಲ ಕೊಟ್ಟು ಮಸೀದಿ ಕಟ್ಟಿಸಿಕೊಳ್ಳಲು ಬಿಟ್ಟರೆ ಆ ಹಡಗು ಬರುತ್ತದೆ. ಐತಿಹ್ಯದಲ್ಲಿ ಅರಸನ ಪತ್ರವನ್ನು ಓದಿ ಸಾಮಂತರು ನೆಲ ಕೊಟ್ಟರೆಂಬುದು ಈ ಒಡಂಬಡಿಕೆಯ ನೆನಪೇ. ಮಾಲಿಕ್ ದೀನಾರರ ಹೆಸರು ಆ ಒಡಂಬಡಿಕೆಯ ಮೇಲಿನ ಮುದ್ರೆಯಂತಿದೆ.

ಇಬ್ನ್ ಬತೂತನು ಕಂಡ ಮಂಗಳೂರು

ಇದು ಬರಿಯ ಊಹೆಯಲ್ಲವೆಂದು ತೋರಿಸಲು ಒಳ್ಳೆಯ ಸಾಕ್ಷಿಯೊಬ್ಬನಿದ್ದಾನೆ. ಮೊರಾಕೋ ದೇಶದ ಯಾತ್ರಿಕ ಇಬ್ನ್ ಬತೂತನು 1342ರ ಸುಮಾರಿಗೆ ಈ ತೀರವನ್ನು ಹಾದುಹೋದನು. ಬಾರಕೂರಿನಲ್ಲಿ ಸೊಗಸಾದ ಕಬ್ಬನ್ನೂ ಮುಸಲ್ಮಾನರ ಮುಖಂಡನನ್ನೂ ಖಾಜಿಯನ್ನೂ ಶುಕ್ರವಾರದ ಪ್ರಾರ್ಥನೆಯ ಮಸೀದಿಯನ್ನೂ ಕಂಡನು. ಅಲ್ಲಿನ ಅರಸನ ಹೆಸರನ್ನು ಅವನು ಬಾಸದೇವ ಎಂದು ಬರೆಯುತ್ತಾನೆ. ಆ ಹಿಂದೂ ಅರಸನ ಯುದ್ಧದ ಹಡಗುಗಳಿಗೆ ನಾಯಕನು ಒಬ್ಬ ಮುಸಲ್ಮಾನ.

ಮಂಗಳೂರಿನ ವಿಷಯದಲ್ಲಿ ಅವನ ವಿವರ ಇನ್ನೂ ಸ್ವಾರಸ್ಯವಾಗಿದೆ. ಪಾರಸೀಕ ಮತ್ತು ಯಮನ್ ದೇಶಗಳ ವರ್ತಕರಲ್ಲಿ ಹೆಚ್ಚಿನವರು ಇಳಿಯುವುದು ಇಲ್ಲಿಯೇ; ಮೆಣಸು ಮತ್ತು ಶುಂಠಿ ಇಲ್ಲಿ ಹೇರಳ; ಮುಸಲ್ಮಾನರು ಸುಮಾರು 4,000 ಮಂದಿ ಪಟ್ಟಣದ ಪಕ್ಕದ ಕೇರಿಯಲ್ಲಿದ್ದಾರೆ; ಬದ್ರುದ್ದೀನನೆಂಬ ವಿದ್ವಾಂಸ ಖಾಜಿ ಪಾಠ ಹೇಳುತ್ತಾನೆ ಎಂದೆಲ್ಲ ಬರೆದಿದ್ದಾನೆ. ಜೊತೆಗೆ ಇನ್ನೊಂದು ಮಾತು: ಇವರಿಗೂ ಪಟ್ಟಣದವರಿಗೂ ಆಗಾಗ ಕಾದಾಟ ನಡೆಯುವುದುಂಟು, ಅರಸನಿಗೆ ವರ್ತಕರು ಬೇಕಾದುದರಿಂದ ಅವನೇ ನಡುವೆ ನಿಂತು ರಾಜಿ ಮಾಡಿಸುತ್ತಾನೆ.

ಓದುಗರೇ, ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಹಿಂದಿನ ಕಾಲದಲ್ಲಿ ಎಲ್ಲರೂ ಹಾಲು ಜೇನಿನಂತೆ ಇದ್ದರು, ಜಗಳವೆಂಬುದೇ ಇರಲಿಲ್ಲ ಎಂದು ನಾವು ಹೇಳಿಕೊಳ್ಳುವುದುಂಟು. ಕಣ್ಣಾರೆ ಕಂಡವನು ಹಾಗೆ ಬರೆದಿಲ್ಲ. ಜಗಳ ಇದ್ದಿತು, ಅದನ್ನು ಬಿಡಿಸುವವರೂ ಇದ್ದರು. ಬಿಡಿಸುವುದು ತಮ್ಮ ಊರಿನ ಹಿತವೆಂದು ಅವರಿಗೆ ಗೊತ್ತಿದ್ದಿತು. ಸಾಮರಸ್ಯವು ತಾನಾಗಿ ಬೆಳೆದ ಕಾಡುಮರವಲ್ಲ. ನೀರೆರೆದು ಬೆಳೆಸಿದ ತೆಂಗು.

ಇಬ್ನ್ ಬತೂತನು ಮುಂದೆ ಏಳಿಮಲೆಯ ಮಸೀದಿಯನ್ನೂ ಕಂಡನು. ಅದು ಹತ್ತರ ಪಟ್ಟಿಯಲ್ಲಿರುವುದೇ. ಮುಸಲ್ಮಾನರೂ ಹಿಂದೂಗಳೂ ಅದನ್ನು ಒಂದೇ ರೀತಿ ಗೌರವಿಸುತ್ತಾರೆ, ಕಡಲಿಗೆ ಹೋಗುವವರು ಹರಕೆ ಹೊರುತ್ತಾರೆ, ಅದರ ಭಂಡಾರದಿಂದ ವಿದ್ಯಾರ್ಥಿಗಳಿಗೆ ವೇತನವೂ ಬಡವರಿಗೆ ಊಟವೂ ನಡೆಯುತ್ತದೆ ಎಂದು ಬರೆದಿದ್ದಾನೆ.

ಅವನಿಗಿಂತ ಇನ್ನೂರು ವರ್ಷ ಮೊದಲೇ, 1132ರಿಂದ 1149ರವರೆಗೆ, ಟ್ಯುನೀಷಿಯ ಮೂಲದ ಅಬ್ರಹಾಂ ಬಿನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲಸಿದ್ದನು. ಕೈರೋವಿನ ಹಳೆಯ ಯೆಹೂದಿ ಮಂದಿರವೊಂದರಲ್ಲಿ ಸಿಕ್ಕಿದ ಕಾಗದಗಳಿಂದ ಅವನ ವ್ಯವಹಾರವೆಲ್ಲ ಬೆಳಕಿಗೆ ಬಂದಿದೆ. ಅವನ ಕೈಕೆಳಗೆ ಬೊಮ್ಮ ಎಂಬ ಸ್ಥಳೀಯನಿದ್ದ. ಅದೇ ಬೊಮ್ಮ ಯಜಮಾನನ ಸರಕಿನೊಡನೆ ಏಡನ್ ಬಂದರಿಗೆ ಹೋಗಿಬರುತ್ತಿದ್ದ. ನಂಬಿಕೆಯೇ ಬಂಡವಾಳವಾಗಿದ್ದ ಕಾಲವದು.

ಉಳಿದುಬಂದುದು

ಈಗ ಉಳಿದುಬಂದುದನ್ನು ನೋಡೋಣ. ಮೊದಲನೆಯದು ಧರ್ಮಶಾಸ್ತ್ರದಲ್ಲಿದೆ. ಕರ್ನಾಟಕದ ಒಳನಾಡಿನ ಮುಸಲ್ಮಾನರಲ್ಲಿ ಹೆಚ್ಚಿನವರು ಹನಫಿ ಪಂಥದವರು. ಕರಾವಳಿಯ ಬ್ಯಾರಿಗಳೂ ನವಾಯತರೂ ಶಾಫಿಈ ಪಂಥದವರು. ಯಮನಿನ ತೀರದಲ್ಲಿರುವುದೂ ಶಾಫಿಈ ಪಂಥವೇ. ಒಳನಾಡಿಗೆ ಇಸ್ಲಾಂ ನೆಲದ ದಾರಿಯಿಂದ ಬಂದಿತು; ಇಲ್ಲಿಗೆ ನೀರಿನ ದಾರಿಯಿಂದ. ಇಮಾಂ ಶಾಫಿಈಯವರು ಕಾಲವಾದುದು 820ರಲ್ಲಿ. ಅಂದಮೇಲೆ ಮೊದಲ ಹಡಗು ಯಾವಾಗಲೇ ಬಂದಿರಲಿ, ಆ ಮೇಲೆಯೂ ಶತಮಾನಗಟ್ಟಲೆ ಗುರುಗಳೂ ಗ್ರಂಥಗಳೂ ಬರುತ್ತಲೇ ಇದ್ದುವೆಂಬುದು ಸ್ಪಷ್ಟ. ಪರಂಪರೆಯೆಂಬುದು ಒಂದು ದಿನದ ಘಟನೆಯಲ್ಲ. ಅದು ಮತ್ತೆ ಮತ್ತೆ ನಡೆದ ಹೋಗಿಬರುವಿಕೆ.

ಎರಡನೆಯದು ಭಾಷೆ. ಬ್ಯಾರಿ ಮಾತು ಮಲೆಯಾಳಕ್ಕೆ ಹತ್ತಿರವಾದದ್ದು, ತುಳುವಿನ ಸಂಗದಲ್ಲಿ ಬೆಳೆದದ್ದು, ಅರಬ್ಬೀ ಪದಗಳನ್ನು ಅರಗಿಸಿಕೊಂಡದ್ದು. ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. 2007ರಲ್ಲಿ ಕರ್ನಾಟಕ ಸರಕಾರವು ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು. 2011ರ ಚಿತ್ರಗಳಿಗೆ ಕೊಡಲಾದ ರಾಷ್ಟ್ರ ಪ್ರಶಸ್ತಿಗಳಲ್ಲಿ ‘ಬ್ಯಾರಿ’ ಎಂಬ ಚಿತ್ರವು ಅತ್ಯುತ್ತಮ ಚಿತ್ರದ ಸ್ವರ್ಣಕಮಲವನ್ನು ಮರಾಠಿ ಚಿತ್ರವೊಂದರ ಜೊತೆಗೆ ಹಂಚಿಕೊಂಡಿತು. ಈ ಮಾತಿನಲ್ಲಿ ಮಸೀದಿಗೆ ‘ಪಳ್ಳಿ’ ಎನ್ನುತ್ತಾರೆ. ಪಳ್ಳಿ ಅರಬ್ಬೀ ಪದವಲ್ಲ. ದಕ್ಷಿಣದಲ್ಲಿ ಜೈನ ಬೌದ್ಧ ವಿಹಾರಗಳಿಗೆ ಸಲ್ಲುತ್ತಿದ್ದ ಹಳೆಯ ಪದವದು; ಕೇರಳದಲ್ಲಿ ಕ್ರೈಸ್ತರ ಇಗರ್ಜಿಗೂ ಅದೇ ಹೆಸರು. ಹೊರಗಿನಿಂದ ಬಂದ ದೇವಮಂದಿರಕ್ಕೆ ಊರಿನವರು ತಮ್ಮಲ್ಲಿದ್ದ ಹೆಸರನ್ನೇ ಕೊಟ್ಟರು.

ಮೂರನೆಯದು ಕಟ್ಟಡ. ನಮ್ಮ ತೀರದ ಹಳೆಯ ಪಳ್ಳಿಗಳಿಗೆ ಗುಮ್ಮಟವಾಗಲಿ ಎತ್ತರದ ಮಿನಾರವಾಗಲಿ ಇರಲಿಲ್ಲ. ಮಳೆನೀರು ಜಾರಿಹೋಗುವ ಇಳಿಜಾರು ಮಾಡು, ದಪ್ಪ ಮರದ ತೊಲೆ, ಕೆತ್ತನೆಯ ಕಂಬ, ಪಕ್ಕದಲ್ಲಿ ಕೆರೆ. ದೇವಸ್ಥಾನ, ಬಸದಿಗಳನ್ನು ಕಟ್ಟಿದ ಆಚಾರಿಗಳ ಕೈಗೆಲಸವನ್ನೇ ಇವುಗಳಲ್ಲಿಯೂ ಕಾಣಬಹುದು. ಮಂಗಳೂರಿನ ಜೀನತ್ ಬಕ್ಷ್ ಮಸೀದಿಯ ಒಳಭಾಗದಲ್ಲಿ ಸಾಗುವಾನಿಯ 16 ಕಂಬಗಳಿವೆ. ಹದಿನೆಂಟನೆಯ ಶತಮಾನದಲ್ಲಿ ಟಿಪ್ಪು ಸುಲ್ತಾನನು ಅದನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ ಅವನ ಮಗಳ ಹೆಸರೇ ಅದಕ್ಕೆ ಬಂದಿತೆಂದೂ ಹೇಳುತ್ತಾರೆ.

ಇತ್ತ ಕಡೆಯ ನೆನಪುಗಳು

ಇದುವರೆಗೆ ಹೇಳಿದುದು ಬಂದವರ ಕಡೆಯ ಕಥೆ. ಬರಮಾಡಿಕೊಂಡವರೂ ತಮ್ಮದೇ ರೀತಿಯಲ್ಲಿ ನೆನಪನ್ನು ಕಾಯ್ದುಕೊಂಡಿದ್ದಾರೆ. ಸುರತ್ಕಲ್ಲಿನಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಮೂಲ್ಕಿ. ಅಲ್ಲಿ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನವಿದೆ. ಬಪ್ಪ ಬ್ಯಾರಿಯೆಂಬ ವರ್ತಕನ ದೋಣಿಯು ಶಾಂಭವಿ ಹೊಳೆಯಲ್ಲಿ ಕಲ್ಲಿಗೆ ತಗುಲಿ ನಿಂತಿತು, ಅಲ್ಲಿ ದೇವಿಯ ಸನ್ನಿಧಿ ಕಂಡಿತು, ಅವನೇ ಗುಡಿ ಕಟ್ಟಿಸಿದನು ಎಂದು ಸ್ಥಳಪುರಾಣ. ಆ ಕ್ಷೇತ್ರದ ಹೆಸರಿನಲ್ಲಿಯೇ ಬಪ್ಪನಿದ್ದಾನೆ. ಜಾತ್ರೆಯ ಸಮಯದಲ್ಲಿ ಅವನ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುವ ಪದ್ಧತಿ ನಡೆದುಬಂದಿದೆ.

ಇನ್ನು ಕಡಲತೀರದ ಮೊಗವೀರರು ನಂಬುವ ಬೊಬ್ಬರ್ಯ ದೈವವನ್ನು ನೀವು ಬಲ್ಲಿರಿ. ಮೀನಿಗೆ ಹೋಗುವವರನ್ನು ಕಾಯುವ ಆ ದೈವವು ಮುಸಲ್ಮಾನ ವರ್ತಕನ ಮಗನಾಗಿ ಹುಟ್ಟಿದ ವೀರನೆಂದು ಪಾಡ್ದನಗಳಲ್ಲಿ ಬರುತ್ತದೆ. ಒಂದು ಕಡೆ ಅರಸನು ಅರಬ್ಬೀ ದೇಶಕ್ಕೆ ಹೋದ ಕಥೆ. ಇನ್ನೊಂದು ಕಡೆ ಬ್ಯಾರಿಯು ದೇವಿಯ ಗುಡಿ ಕಟ್ಟಿಸಿದ ಕಥೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ಸಂಗತಿಯನ್ನು ಎರಡು ಮನೆಗಳವರು ತಮ್ಮ ತಮ್ಮ ಮಾತಿನಲ್ಲಿ ಹೇಳುತ್ತಿರುವಂತೆ ತೋರುತ್ತದೆ: ಕಡಲಿನಿಂದ ಬಂದವನು ಪರಕೀಯನಾಗಿ ಉಳಿಯಲಿಲ್ಲ, ಅವನ ಋಣ ನಮ್ಮ ಮೇಲಿದೆ, ನಮ್ಮ ಋಣ ಅವನ ಮೇಲಿದೆ.

ಬಂದರು ಪಕ್ಕಕ್ಕೆ ಬಂದಾಗ

ಕಾಲ ಉರುಳಿದಂತೆ ದೊಡ್ಡ ಹಡಗುಗಳಿಗೆ ಮಂಗಳೂರಿನ ಹಳೆಯ ಅಳಿವೆ ಸಾಲದಾಯಿತು. ಸುರತ್ಕಲ್ಲಿನ ಪಕ್ಕದ ಪಣಂಬೂರಿನಲ್ಲಿ ನವಮಂಗಳೂರು ಬಂದರು ಎದ್ದಿತು. 1974ರಲ್ಲಿ ಅದನ್ನು ಮುಖ್ಯ ಬಂದರೆಂದು ಘೋಷಿಸಲಾಯಿತು. ಆ ಕೆಲಸಕ್ಕಾಗಿ ಮನೆ ಹೊಲ ಬಿಟ್ಟೇಳಬೇಕಾದವರಲ್ಲಿ ಅನೇಕರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ದೊರೆಯಿತು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ತಮ್ಮ ಹಿರಿಯರ ನೆಲವನ್ನು ಬಿಟ್ಟು ಹೊಸ ಕೇರಿಗಳಲ್ಲಿ ಹೊಸದಾಗಿ ನೆರೆಹೊರೆ ಕಟ್ಟಬೇಕಾಯಿತು. ಹಡಗಿಳಿದು ಬಂದವರು ಒಂದು ಕಾಲದಲ್ಲಿ ಮಾಡಿದ ಕೆಲಸವನ್ನೇ ಊರಿನವರೆಲ್ಲ ಇನ್ನೊಂದು ಸಲ ಮಾಡಿದರೆನ್ನಬಹುದು.

ಈ ಕೇರಿಗಳು ಕಷ್ಟದ ದಿನಗಳನ್ನೂ ಕಂಡಿವೆ. ಕೊಲೆ, ಸೇಡು, ಬಾಗಿಲು ಮುಚ್ಚಿದ ಅಂಗಡಿಗಳು, ಮಕ್ಕಳನ್ನು ಶಾಲೆಗೆ ಕಳುಹಿಸಲು ಹೆದರುವ ತಾಯಂದಿರು. ಇವೆಲ್ಲ ಈ ಭಾಗದವರಿಗೆ ಪತ್ರಿಕೆಯಿಂದ ತಿಳಿಯಬೇಕಾದ ಸಂಗತಿಗಳಲ್ಲ. ಅಂಥ ಹೊತ್ತಿನಲ್ಲಿ ಯಾರು ಮೊದಲು ಬಂದವರು, ಯಾರು ಆಮೇಲೆ ಬಂದವರು ಎಂಬ ವಾದ ಸುಲಭವಾಗಿ ಏಳುತ್ತದೆ. ಹಿಜರಿ 22 ಎಂದು ಒಬ್ಬರು, ಅಲ್ಲವೆಂದು ಇನ್ನೊಬ್ಬರು. ಆದರೆ ಹಕ್ಕು ಬಾಧ್ಯತೆಗಳು ಇಸವಿಯ ಮೇಲೆ ನಿಂತಿಲ್ಲ. ಏಳನೆಯ ಶತಮಾನದಲ್ಲಿ ಹಡಗು ಬಂದಿದ್ದರೂ ಒಂಬತ್ತನೆಯದರಲ್ಲಿ ಬಂದಿದ್ದರೂ ಇಬ್ನ್ ಬತೂತನ ಕಾಲಕ್ಕೇ ಈ ಜನ ಇಲ್ಲಿ ಹಳಬರಾಗಿದ್ದರು.

ಮಾಲಿಕ್ ದೀನಾರರ ಹೆಸರಿನಲ್ಲಿ ನಾವೆಲ್ಲರೂ ತೆಗೆದುಕೊಳ್ಳಬಹುದಾದ ಆಸ್ತಿ ಬೇರೆಯೇ ಇದೆ. ಬಸ್ರಾದ ಮಾಲಿಕರು ದೂರು ಹೇಳದೆ ಪೊರಕೆ ಹಿಡಿದರು. ಕರಾವಳಿಯ ಮಾಲಿಕರು ಬಂದರಿಗೊಂದು ನಂಬಿಗಸ್ತ ಸ್ಥಳವನ್ನು ಕಟ್ಟಿದರು. ಮಂಗಳೂರಿನ ಅರಸನು ಜಗಳದ ನಡುವೆ ಬಂದು ನಿಂತನು. ಈ ಮೂರೂ ಕೆಲಸಗಳು ಇಂದಿಗೂ ಮುಗಿದಿಲ್ಲ, ಮಾಡುವವರು ಬೇಕು.

ಮುಂದಿನ ಸಲ ಮಂಗಳೂರಿನ ಬಂದರಕ್ಕೋ ಬಾರಕೂರಿಗೋ ಹೋದಾಗ ಮಕ್ಕಳಿಗೆ ಆ ಹಳೆಯ ಪಳ್ಳಿಯನ್ನು ಹೊರಗಿನಿಂದಲಾದರೂ ತೋರಿಸಿ, ಈ ಕಥೆಯನ್ನು ಹೇಳಿ. ಮೂಲ್ಕಿಯನ್ನು ಹಾದುಹೋಗುವಾಗ ಬಪ್ಪ ಬ್ಯಾರಿಯ ಕಥೆಯನ್ನೂ ಮರೆಯದೆ ಹೇಳಿ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ.